ಶ ಗುರುತಿನ ರ‍್ಯಾಮ್

ನವೆಂಬರ್ ೧೮, ಸೋಮವಾರ

ಈ ಡೈರಿ ದಿನಕರಣ್ಣನದು. ಯಾವುದೋ ಪ್ರಿಂಟರ್ ಏಜೆನ್ಸಿಯವರು ಜನವರಿಯಲ್ಲಿ ಕೊಟ್ಟದ್ದು, ಇಷ್ಟು ದಿನವಾದರೂ ಅವನು ಒಂದಕ್ಷರ ಬರೆದಿರಲಿಲ್ಲ. ರದ್ದಿಗೆ ಹಾಕುವಾಗ ಕೇಳಿ ಇಟ್ಟುಕೊಂಡೆ. ಬರೆದರೆ ನಿಜವನ್ನೇ ಬರೆಯುವುದು, ಇಲ್ಲವಾದರೆ ಹಾಳೆ ಖಾಲಿ ಬಿಡುವುದು. ಬೇರೆ ನಿಯಮ ಇಲ್ಲ.

ಶಿರಸಿಯಲ್ಲಿ ದಿನಕರಣ್ಣನ ಕಂಪ್ಯೂಟರ್ ರಿಪೇರಿ ಅಂಗಡಿ ಸೇರಿ ಎರಡು ವರ್ಷವಾಯಿತು. ನಾನು ಇಷ್ಟು ದಿನ ಎಲ್ಲಿಯೂ ನಿಂತವನಲ್ಲ. ಯಲ್ಲಾಪುರದ ಲಾರಿ ಗ್ಯಾರೇಜಿನಲ್ಲಿ ಆರು ತಿಂಗಳು, ಸಿದ್ದಾಪುರದ ಮೊಬೈಲ್ ಅಂಗಡಿಯಲ್ಲಿ ನಾಲ್ಕು. ಎರಡೂ ಕಡೆ ಗಿರಾಕಿಗೆ ಸುಳ್ಳು ಹೇಳುತ್ತಿದ್ದರು, ನಾನು ಗಿರಾಕಿಯ ಎದುರಿಗೇ ನಿಜ ಹೇಳುತ್ತಿದ್ದೆ. ಮಾರನೆಯ ದಿನ ಬರಬೇಡ ಎನ್ನುತ್ತಿದ್ದರು. ಸರಿ, ಬರುವುದಿಲ್ಲ.

ಇವತ್ತು ಯಲ್ಲಾಪುರಕ್ಕೆ ಹೋಗಿದ್ದೆ. ಹೆದ್ದಾರಿ ಪಕ್ಕದ ಇಡ್ಲಿ ಹೋಟೆಲಿನ ಮೇಲಿನ ಕೋಣೆಯಲ್ಲಿ ಸಂಹಿತಕ್ಕ ಮದುವೆ ವಿಡಿಯೋ ಮಿಕ್ಸಿಂಗ್ ಮಾಡುತ್ತಾಳೆ. ಹೆಗ್ಗರಣೆ ಕಡೆಯವಳು, ಒಬ್ಬಳೇ ನಡೆಸುವ ಕೆಲಸ. ಕಾರ್ತಿಕ ಬಂತೆಂದರೆ ಅವಳಿಗೆ ಊಟಕ್ಕೂ ಪುರಸೊತ್ತಿಲ್ಲ. ಮಷಿನ್ ನಿಧಾನ ಎಂದು ರ‍್ಯಾಮ್ ಹೆಚ್ಚಿಸಲು ಹೇಳಿದ್ದಳು. ಬೋರ್ಡಿನಲ್ಲಿ ನಾಲ್ಕು ಸ್ಲಾಟು, ಎರಡರಲ್ಲಿ ಹಳೆಯವು ಇದ್ದವು. ಖಾಲಿ ಇದ್ದ ಎರಡಕ್ಕೆ ಎಂಟೆಂಟು ಜಿಬಿಯ ಎರಡು ಸೆಕೆಂಡ್‌ಹ್ಯಾಂಡ್ ರ‍್ಯಾಮ್ ಹಾಕಿದೆ. ಸ್ಲಾಟಿನೊಳಗೆ ಕೂರುವ ಚಿನ್ನದ ಬಣ್ಣದ ಅಂಚು ಮಂಕಾಗಿತ್ತು. ವಿಭೂತಿ ಗಟ್ಟಿಯಿಂದ ಉಜ್ಜಿ, ಊದಿ, ನಾಲ್ಕಾರು ಸಲ ಹಾಕಿ ತೆಗೆದು ಕೂರಿಸಿದೆ. ನಮ್ಮ ಅಜ್ಜಿ ಕೊರಳಿನ ಲಿಂಗದ ಬೆಳ್ಳಿ ಕರಡಿಗೆ ಉಜ್ಜುವುದು ಹೀಗೇ. ಬೇರೆಯವರು ಪೆನ್ಸಿಲ್ ರಬ್ಬರಿನಿಂದ ತಿಕ್ಕುತ್ತಾರೆ. ನನ್ನ ಕೈಯ ಹೊಳಪು ಅವರಿಗೆ ಬರುವುದಿಲ್ಲ.

ಆನ್ ಮಾಡಿದ ಕೂಡಲೇ ಇಪ್ಪತ್ತನಾಲ್ಕು ಜಿಬಿ ತೋರಿಸಿತು. ಸಂಹಿತಕ್ಕ ಚಪ್ಪಾಳೆ ತಟ್ಟಿ ಕೆಳಗಿನಿಂದ ಬನ್ಸ್ ತರಿಸಿದಳು.

ನವೆಂಬರ್ ೨೦, ಬುಧವಾರ

ಒಂಬತ್ತಕ್ಕೆ ಅವಳ ಫೋನು. "ಮಧು, ಎಂತ ಮಾಡಿಟ್ಟು ಹೋದ್ಯಾ ಮಾರಾಯ? ನಿನ್ನೆ ಬೆಳಿಗ್ಗೆ ಎರಡು ಸಲ, ಇವತ್ತು ಮೂರು ಸಲ. ನೀಲಿ ಪರದೆ ಬಂದು ಅಳೂ ಮುಖ ತೋರಿಸ್ತದೆ, ಆಮೇಲೆ ಆಫ್. ಮದುಮಗಳು ಬಾಯಿ ತೆಗೆದಲ್ಲೇ ನಿಲ್ತಾಳೆ."

ನಾಳೆ ಹೋಗಬೇಕು.

ನವೆಂಬರ್ ೨೧, ಗುರುವಾರ

ಹನ್ನೊಂದರಿಂದ ನಾಲ್ಕೂವರೆಯವರೆಗೆ ಕೂತಿದ್ದೆ. ಒಮ್ಮೆಯೂ ನಿಲ್ಲಲಿಲ್ಲ. ಪೆನ್‌ಡ್ರೈವ್ ಹಾಕಿ ರ‍್ಯಾಮ್ ಪರೀಕ್ಷೆ ಓಡಿಸಿದೆ, ಒಂದು ತಪ್ಪೂ ಬರಲಿಲ್ಲ. ಯುಪಿಎಸ್ ನೋಡಿದೆ, ಅರ್ಥಿಂಗ್ ನೋಡಿದೆ, ಫ್ಯಾನ್ ನೋಡಿದೆ. ಲಾರಿ ಹೋದಾಗ ನೆಲ ನಡುಗುತ್ತದೆಂದು ಸಿಪಿಯು ಅಡಿಗೆ ಗೋಣಿಚೀಲ ಹಾಸಿದೆ.

"ನೀ ಬಂದ್ರೆ ಸಾಕು, ಶಾಲೆಗೆ ಇನ್ಸ್‌ಪೆಕ್ಟರ್ ಬಂದ ಹಾಂಗೆ ಮಾಡ್ತದೆ ಇದು" ಎಂದಳು ಸಂಹಿತಕ್ಕ. ಅಷ್ಟರಲ್ಲಿ ಊರಿಂದ ಅವಳ ತಾಯಿಯ ಫೋನು ಬಂತು, ಮಾತು ಹವ್ಯಕ ಭಾಷೆಗೆ ತಿರುಗಿತು. "ಆಯಿ, ಆನು ಈ ವಾರ ಬಪ್ಪಲೆ ಆಗ್ತಿಲ್ಲೆ. ಮಷಿನ್ ಕೈ ಕೊಟ್ಟಿದ್ದು... ಇಲ್ಲೆ, ರಿಪೇರಿಯವ ಇಲ್ಲೇ ಇದ್ದ. ಸುಮ್ಮಂಗೆ ನೋಡ್ತಾ ಕೂತಿದ್ದ."

ಸುಮ್ಮನೆ ಕೂತಿರಲಿಲ್ಲ ನಾನು.

ನವೆಂಬರ್ ೨೪, ಭಾನುವಾರ

ಶುಕ್ರವಾರ ಬೆಳಿಗ್ಗೆ ಮತ್ತೆ ಹೋಯಿತಂತೆ. ಸಿಪಿಯುವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಶಿರಸಿಗೆ ತಂದೆ. ಅಂಗಡಿಯಲ್ಲಿ ಒಂದೂವರೆ ದಿನ ಓಡಿಸಿದೆವು. ಏನೂ ಆಗಲಿಲ್ಲ.

ದಿನಕರಣ್ಣ, "ಅವಳ ಕೋಣೆಯ ವೈರಿಂಗೇ ಸರಿ ಇಲ್ಲ ಹೇಳು, ಮುಗೀತು" ಎಂದ. ಹುಲೇಕಲ್ಲಿನವನು, ಯಾರಿಗೂ ಬೇಸರವಾಗದ ಉತ್ತರ ಸದಾ ಅವನ ನಾಲಿಗೆಯ ಮೇಲೆ. ವೈರಿಂಗ್ ಸರಿ ಇದೆ, ನಾನೇ ನೋಡಿದ್ದೇನೆ ಎಂದೆ. "ನಿನ್ನ ಹತ್ರ ಮಾತಾಡೂದು ಅಂದ್ರೆ ಕೋರ್ಟಿಗೆ ಹೋದ ಹಾಂಗೆ ಮಾರಾಯ" ಎಂದ.

ನವೆಂಬರ್ ೨೭, ಬುಧವಾರ

ಸಿಕ್ಕಿತು. ಸೋಮವಾರ ಸಿಪಿಯು ಮರಳಿಸಿ, ಹೊಸದಾಗಿ ಹಾಕಿದ್ದ ಎರಡೂ ರ‍್ಯಾಮ್ ತೆಗೆದು ಬಂದಿದ್ದೆ. ಮಂಗಳವಾರ ಬೆಳಿಗ್ಗೆ ಸರಿ, ಇವತ್ತು ಬೆಳಿಗ್ಗೆಯೂ ಸರಿ. ಹಾಕಿದರೆ ಕೆಡುತ್ತದೆ, ತೆಗೆದರೆ ಓಡುತ್ತದೆ. ಇನ್ನೇನು ಬೇಕು?

ಆ ರ‍್ಯಾಮ್ ಕೊಟ್ಟವನು ಶರಣ.

ಶರಣನ ವಿಷಯ ಇಲ್ಲಿಯವರೆಗೆ ಬರೆದಿಲ್ಲ. ಬನವಾಸಿ ಕಡೆ ನಮ್ಮೂರಿನವನೇ. ಹತ್ತನೇ ತರಗತಿಯವರೆಗೆ ಒಂದೇ ಬೆಂಚು. ಈಗ ಶಿರಸಿ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ ಗೂಡಂಗಡಿ ಹಾಕಿದ್ದಾನೆ. ಆಫೀಸುಗಳು ಎಸೆಯುವ ಕಂಪ್ಯೂಟರ್ ಗುಜರಿ ಬೆಲೆಗೆ ತಂದು, ಬಿಚ್ಚಿ, ಒಳ್ಳೆಯ ಭಾಗಗಳನ್ನು ಮಾರುತ್ತಾನೆ. ಪ್ರತಿಯೊಂದು ರ‍್ಯಾಮನ್ನೂ ಒಂದು ದಿನ ಪೂರ್ತಿ ಪರೀಕ್ಷೆ ಮಾಡಿ, ಅದರ ಲೇಬಲ್ಲಿನ ಮೇಲೆ ಬಿಳಿ ಮಾರ್ಕರಿನಿಂದ "ಶ" ಎಂದು ಬರೆಯುತ್ತಾನೆ. ಮೂರು ತಾಲ್ಲೂಕಿನ ರಿಪೇರಿಯವರು ಶ ಗುರುತು ಇದ್ದರೆ ಮತ್ತೆ ನೋಡುವುದಿಲ್ಲ. ಹೆಗ್ಗರಣೆ ಕಡೆಯ ಯುವಕ ಸಂಘವೊಂದು ಕಂಪ್ಯೂಟರ್ ತರಗತಿಗೆ ಎಂಟು ಮಷಿನ್ ಜೋಡಿಸಿಕೊಡಲು ಅವನಿಗೇ ಹೇಳಿದೆಯಂತೆ. ಅದಾದರೆ ಗೂಡಂಗಡಿ ಬಿಟ್ಟು ಬಾಗಿಲಿರುವ ಅಂಗಡಿ ಹಿಡಿಯುತ್ತಾನೆಂದು ದಿನಕರಣ್ಣ ಹೇಳುತ್ತಿದ್ದ.

ನಾವಿಬ್ಬರೂ ವ್ಯಾಪಾರದ ಮಾತು ಬಿಟ್ಟು ಬೇರೆ ಮಾತಾಡಿ ನಾಲ್ಕು ವರ್ಷವಾಯಿತು. ಹತ್ತನೆಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವನ ಗಣಿತದ ಉತ್ತರ ಪತ್ರಿಕೆ ನೋಡಿ ಹೆಡ್‌ಮಾಸ್ಟರಿಗೆ ಅನುಮಾನ ಬಂತು. ಪಕ್ಕದಲ್ಲಿ ಕೂತಿದ್ದ ನನ್ನನ್ನು ಕರೆದು, ಶರಣ ನಕಲು ಮಾಡಿದನೋ ಎಂದು ಕೇಳಿದರು. ಹೌದು ಎಂದೆ. ನಿಜವನ್ನೇ ಹೇಳಿದೆ. ಅವನ ಅಪ್ಪ ಬಂದು ಅಂಗಳದಲ್ಲೇ ಹೊಡೆದು ಕರೆದುಕೊಂಡು ಹೋದ. ಆಮೇಲೆ ಅವನು ಶಾಲೆಗೆ ಬರಲಿಲ್ಲ. ತರಗತಿಯವರೆಲ್ಲ ನನ್ನನ್ನು ಚಾಡಿಕೋರ ಎಂದರು. ನಿಜ ಹೇಳಿದವನಿಗೆ ಹೀಗೆನ್ನುವ ಶಾಲೆ ನನಗೂ ಬೇಡವೆನಿಸಿತು. ಬಿಟ್ಟೆ.

ಆಗಲೇ ಮೋಸ ಮಾಡಿದವನು ಈಗ ಮಾಡುವುದಿಲ್ಲವೇ?

ನವೆಂಬರ್ ೨೮, ಗುರುವಾರ

ನಮ್ಮ ಮೂರು ತಾಲ್ಲೂಕಿನ ರಿಪೇರಿಯವರದೊಂದು ವಾಟ್ಸಾಪ್ ಗ್ರೂಪ್ ಇದೆ, ಅರವತ್ತೆರಡು ಜನ. ಮಧ್ಯಾಹ್ನ ಸಿದ್ದಾಪುರದವನೊಬ್ಬ, ಎಂಟು ಜಿಬಿ ಹಳೆಯದು ಎಲ್ಲಿ ಸಿಗುತ್ತದೆ ಎಂದು ಕೇಳಿದ. ಶ ಗುರುತಿನದು ತಗೊ, ಕಣ್ಣು ಮುಚ್ಚಿ ಹಾಕು ಎಂದು ಇನ್ನೊಬ್ಬ ಬರೆದ. ಗೊತ್ತಿದ್ದೂ ಸುಮ್ಮನಿರಲು ಆಗಲಿಲ್ಲ.

"ಶ ಗುರುತಿನ ಎರಡು ರ‍್ಯಾಮ್ ಹಾಕಿದ ಮಷಿನ್ ದಿನಾ ಕ್ರ್ಯಾಶ್ ಆಗುತ್ತಿದೆ. ತೆಗೆದರೆ ಸರಿ. ನಾನೇ ಪರೀಕ್ಷೆ ಮಾಡಿದ್ದು. ತೆಗೆದುಕೊಳ್ಳುವವರು ಎಚ್ಚರ. ಮಧುಕೇಶ್ವರ, ಶಿರಸಿ."

ಹೆಸರು ಹಾಕಿಯೇ ಬರೆದೆ. ಹೆಸರಿಲ್ಲದೆ ಬರೆಯುವುದು ಹೇಡಿತನ.

ನವೆಂಬರ್ ೨೯, ಶುಕ್ರವಾರ

ಸಿದ್ದಾಪುರದವನೊಬ್ಬ ಹನ್ನೆರಡು ರ‍್ಯಾಮ್ ವಾಪಸು ಕಳಿಸಿದನಂತೆ. ಯಲ್ಲಾಪುರದವನು ತನ್ನಲ್ಲೂ ಒಂದು ಕೆಟ್ಟಿತ್ತು, ಈಗ ಕಾರಣ ಗೊತ್ತಾಯಿತು ಎಂದು ಬರೆದ. ಆರು ತಿಂಗಳ ಹಿಂದೆ ಕೆಟ್ಟದ್ದಕ್ಕೂ ಈಗ ಕಾರಣ ಸಿಕ್ಕಿದೆ.

ದಿನಕರಣ್ಣ ಬೈದ. "ಬರೆಯೂಕೆ ಮುಂಚೆ ಒಂದು ಮಾತು ಕೇಳಬಾರ್ದನಾ ನನ್ನ ಹತ್ರ?" ಬೈದಾದ ಮೇಲೆ ಅಂಗಡಿಯಲ್ಲಿದ್ದ ಶ ಗುರುತಿನ ರ‍್ಯಾಮ್‌ಗಳನ್ನೆಲ್ಲ ಹರಡಿಕೊಂಡು ಕೂತು, ಥಿನ್ನರ್ ಅದ್ದಿದ ಬಟ್ಟೆಯಿಂದ ಒಂದೊಂದೇ ಶ ಒರೆಸಿದ. ಗುರುತು ಹೋದ ಮೇಲೆ ಮಾರಬಹುದಂತೆ. ಇದು ಸುಳ್ಳಲ್ಲವೇ ಎಂದೆ. "ಇದು ಒರೆಸೂದು" ಎಂದ.

ಡಿಸೆಂಬರ್ ೨, ಸೋಮವಾರ

ಎರಡು ರ‍್ಯಾಮ್ ವಾಪಸು ಕೊಡಲು ಶರಣನ ಗೂಡಂಗಡಿಗೆ ಹೋದೆ. ಹಲಗೆಯ ಮೇಲೆ ವಾಪಸು ಬಂದವು ಒಂದರ ಪಕ್ಕ ಒಂದು ಸಾಲಾಗಿದ್ದವು.

"ಗ್ರೂಪಿನ್ಯಾಗ ಹಾಕೂಕಿಂತ ಮೊದಲ ಇಲ್ಲಿಗೆ ತಂದಿದ್ದರ ನಾನೂ ನೋಡತಿದ್ದೆ" ಎಂದ.

"ನಿಜಾನ ಹಾಕೀನಿ."

"ನೀ ಯಾವಾಗ ಸುಳ್ಳ ಹೇಳೀಯಪಾ."

ಅಷ್ಟೇ. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸುತ್ತಿದ್ದೆ. ರ‍್ಯಾಮ್ ಎರಡನ್ನೂ ಬೆಳಕಿಗೆ ಹಿಡಿದು ನೋಡಿ, "ಅಂಚಿಗೆ ಬಿಳೇದು ಏನೋ ಹತ್ತೇತಲ್ಲ, ಏನಿದು?" ಎಂದ. ಯಲ್ಲಾಪುರದ ಕೋಣೆಯ ಗೋಡೆ ಸುಣ್ಣ ಇರಬೇಕು ಎಂದೆ. ಹಾಗೆಂದೇ ನನಗೆ ಅನಿಸಿತು ಆಗ.

ಡಿಸೆಂಬರ್ ೫, ಗುರುವಾರ

ದಿನಕರಣ್ಣ ಹುಬ್ಬಳ್ಳಿಯಿಂದ ಡಬ್ಬಿ ಒಡೆಯದ ಎರಡು ಹೊಸ ರ‍್ಯಾಮ್ ತರಿಸಿದ. ಹೋಗಿ ಅದೇ ಸ್ಲಾಟಿಗೆ ಹಾಕಿ ಬಂದೆ. ಸಂಹಿತಕ್ಕ ಈ ಸಲ ಬನ್ಸ್ ತರಿಸಲಿಲ್ಲ. "ನಾಳೆ ಬೆಳಿಗ್ಗೆ ದಾಟಲಿ, ಆಮೇಲೆ ಬನ್ಸ್" ಎಂದಳು.

ಶರಣ ಗ್ರೂಪಿನಲ್ಲಿ ವಿಡಿಯೋ ಹಾಕಿದ್ದಾನೆ. ಅದೇ ಎರಡು ರ‍್ಯಾಮ್, ಮೂರು ದಿನದ ಪರೀಕ್ಷೆ, ಒಂದು ತಪ್ಪೂ ಇಲ್ಲ. ಕೆಳಗೆ ಒಬ್ಬ ನಗುವ ಮುಖ ಹಾಕಿದ. ಇನ್ನೊಬ್ಬ, "ನಿನ್ನ ಮಷಿನ್ನಿಗೆ ನಿನ್ನ ಮೇಲೆ ಪ್ರೀತಿ" ಎಂದು ಬರೆದ.

ವಿಡಿಯೋ ಎರಡು ಸಲ ನೋಡಿ ಫೋನು ಮಗುಚಿ ಇಟ್ಟೆ.

ಡಿಸೆಂಬರ್ ೬, ಶುಕ್ರವಾರ

ಬೆಳಿಗ್ಗೆ ಎಂಟು ಗಂಟೆಗೆ ಹೋಯಿತಂತೆ. ಹೊಸ ರ‍್ಯಾಮ್. ಡಬ್ಬಿ ನಾನೇ ಒಡೆದದ್ದು.

ಡಿಸೆಂಬರ್ ೭, ಶನಿವಾರ

ಹೊಸದೂ ಕೆಟ್ಟಿರಬಹುದು. ಹೊಸ ವಸ್ತು ಕೆಡುವುದಿಲ್ಲವೆಂದು ಎಲ್ಲಿದೆ? ಹಳೆಯದೂ ಕೆಟ್ಟಿರಬಹುದು, ಹೊಸದೂ ಕೆಟ್ಟಿರಬಹುದು.

ಇದನ್ನು ಬರೆದು ಮತ್ತೆ ಓದಿದೆ. ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ನನಗೆ ಮಾಡಿದ ಹಳೆಯ ಫೋನ್ ಕರೆಗಳನ್ನೆಲ್ಲ ನೋಡಿ, ಮಷಿನ್ ಎಷ್ಟು ಗಂಟೆಗೆ ನಿಂತಿತ್ತೆಂದು ಹೇಳಲು ಸಂಹಿತಕ್ಕನನ್ನು ಕೇಳಿದೆ. ಏಳೂಮುಕ್ಕಾಲು, ಎಂಟೂ ಹತ್ತು, ಎಂಟೂವರೆ, ಏಳೂ ಐವತ್ತು. ಹತ್ತು ದಾಟಿದ್ದು ಒಂದೂ ಇಲ್ಲ. ನಾನು ಅಲ್ಲಿ ಕಾಲಿಡುತ್ತಿದ್ದದ್ದು ಹನ್ನೊಂದಕ್ಕೆ. ಎಂಟಕ್ಕೆ ಕೆಡುವ ಮಷಿನ್ನನ್ನು ಹನ್ನೊಂದಕ್ಕೆ ಹೋಗಿ ನೋಡಿ, ಬಂದು ಅರವತ್ತೆರಡು ಜನಕ್ಕೆ ಕಾರಣ ಹೇಳಿದ್ದೇನೆ.

ಕೆಳಗಿನ ಹೋಟೆಲಿನ ಗ್ರೈಂಡರಿನಿಂದ ಕರೆಂಟು ಏರಿಳಿಯುತ್ತಿರಬೇಕು. ಅದೇ ಇರಲಿ.

ಡಿಸೆಂಬರ್ ೮, ಭಾನುವಾರ

ಊರಿಗೆ ಬಂದಿದ್ದೇನೆ. ಅಜ್ಜಿ ಗುರುಶಾಂತವ್ವ ಮಧ್ಯಾಹ್ನ ಜಗಲಿಯ ಮೇಲೆ ಕೂತು ಕರಡಿಗೆ ಉಜ್ಜುತ್ತಿದ್ದಳು. ನೋಡುತ್ತ ಕೂತೆ. ವಿಭೂತಿ ಹಚ್ಚಿ ತಿಕ್ಕಿದಳು, ನೀರಿನಲ್ಲಿ ತೊಳೆದಳು, ಒರೆಸಿದಳು. ಮತ್ತೆ ಸೆರಗಿನ ತುದಿಯನ್ನು ಚೂಪು ಮಾಡಿ ಮುಚ್ಚಳದ ಸಂದಿಯೊಳಗೆ ತೂರಿಸಿ ಒಂದೊಂದು ಗೆರೆಯನ್ನೂ ಒರೆಸಿದಳು.

"ಅಷ್ಟ್ಯಾಕ ಒರಸ್ತಿ ಯವ್ವಾ? ಊದಿದ್ರ ಹೋಗತೈತಲ್ಲ."

"ಊದಿದ್ರ ಮ್ಯಾಲಿಂದ ಹೋಗತೈತಿ. ಸಂದ್ಯಾಗಿಂದು ಹೋಗತೈತೇನು? ಮೈ ಬೆವರಿದ್ರ ಒಳಗಿನ ಬೂದಿ ಕೆಸರಾಗತೈತಿ. ಆಮ್ಯಾಲ ಬೆಳ್ಳಿ ತಿನ್ನತೈತಿ. ಹಂಗ ಬಿಟ್ಟಾಂವ ಬೆಳ್ಳಿ ಉಜ್ಜಲಿಲ್ಲ, ಕೆಡಿಸಿದ ಅಂತ ತಿಳಿ."

ನಾನು ಎದ್ದು ಹಿತ್ತಲಿಗೆ ಹೋದೆ. ಚಹಾ ಮಾಡಿ ಕರೆದಳು.

ಇಡ್ಲಿ ಹೋಟೆಲು. ಬೆಳಗಿನ ಹಬೆ.

ಡಿಸೆಂಬರ್ ೧೦, ಮಂಗಳವಾರ

ಶಿರಸಿಯಿಂದ ಮೊದಲ ಬಸ್ಸು ಹತ್ತಿದೆ. ಆರೂವರೆಗೆ ಯಲ್ಲಾಪುರ. ಚಳಿ ಇತ್ತು. ಸಂಹಿತಕ್ಕ ಬಾಗಿಲು ತೆಗೆದು, "ಹಾಲಿನವನಿಗಿಂತ ಮುಂಚೆ ಬಂದ್ಯಲಾ" ಎಂದಳು.

ಮೊದಲು ಕಣ್ಣಿಗೆ ಬೀಳದ್ದು ಈಗ ಬಿತ್ತು. ಸಿಪಿಯು ಕಿಟಕಿಯ ಕೆಳಗೇ ಇದೆ. ಬಿಸಿಯಾಗಬಾರದೆಂದು ಒಂದು ಬದಿಯ ತಗಡನ್ನು ಅವಳು ತೆಗೆದೇ ಇಟ್ಟಿರುತ್ತಾಳೆ. ಕಿಟಕಿಯ ಹೊರಗೆ ಹೋಟೆಲಿನ ಅಡುಗೆಮನೆಯ ಹೊಗೆಗೂಡು. ಏಳೂಕಾಲಿಗೆ ದೊಡ್ಡ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರು. ಬಿಳಿ ಹಬೆ ಗೋಡೆ ಹಿಡಿದು ಮೇಲೆ ಬಂದು, ಕಿಟಕಿಯಿಂದ ಒಳಗೆ ಇಳಿಯಿತು. ತಣ್ಣಗಿದ್ದ ಮಾನಿಟರಿನ ಗಾಜು ಮಸುಕಾಯಿತು. ಸಂಹಿತಕ್ಕ ದುಪಟ್ಟಾದಿಂದ ಅದನ್ನು ಒರೆಸಿ ಕೆಲಸ ಮುಂದುವರಿಸಿದಳು. ದಿನಾ ಹೀಗೇ ಒರೆಸುತ್ತಾಳಂತೆ.

ಏಳು ಐವತ್ತೆರಡಕ್ಕೆ ಮದುಮಗಳು ಬಾಯಿ ತೆಗೆದಳು. ನೀಲಿ ಪರದೆ. ಮೂರು ವಾರದಲ್ಲಿ ನಾನು ಕಣ್ಣಾರೆ ನೋಡಿದ ಮೊದಲ ಕ್ರ್ಯಾಶು.

ವೈರು ಕಿತ್ತು, ರ‍್ಯಾಮ್ ತೆಗೆದು, ಟಾರ್ಚು ಬಿಟ್ಟು ನೋಡಿದೆ. ಆ ಎರಡು ಸ್ಲಾಟಿನ ಸಂದಿಯಲ್ಲಿ, ಹಲ್ಲುಗಳ ನಡುವೆ, ಬೂದು ಬಣ್ಣದ ಒದ್ದೆ ಕೆಸರು. ಹಳೆಯ ಎರಡು ಸ್ಲಾಟು ಸ್ವಚ್ಛ. ಉಗುರಿನಿಂದ ಸ್ವಲ್ಪ ತೆಗೆದು ಮೂಸಿದೆ. ನಮ್ಮ ದೇವರ ಕೋಣೆಯ ವಾಸನೆ.

"ಎಂತದು ಅದು?" ಎಂದಳು ಸಂಹಿತಕ್ಕ.

"ವಿಭೂತಿ, ಅಕ್ಕಾರ. ನಾನ ಹಚ್ಚಿದ್ದು."

ಅವಳು ಮೊದಲು ನಕ್ಕಳು. ತಮಾಷೆ ಎಂದುಕೊಂಡಿರಬೇಕು. ನನ್ನ ಮುಖ ನೋಡಿದ ಮೇಲೆ ನಿಲ್ಲಿಸಿದಳು.

ಮೆಡಿಕಲ್ ಅಂಗಡಿಯಿಂದ ಸ್ಪಿರಿಟ್ ತಂದು, ಹಲ್ಲುಜ್ಜುವ ಮೆತ್ತನೆಯ ಬ್ರಶ್ಶಿನಿಂದ ಮೂರು ಸಲ ತೊಳೆದೆ. ಹೊಸ ರ‍್ಯಾಮಿನಲ್ಲಿ ಒಂದರ ಅಂಚಿಗೆ ಕಪ್ಪು ಚುಕ್ಕೆ ಬಿದ್ದಿದೆ, ಅದು ಇನ್ನು ಕೆಲಸಕ್ಕೆ ಬಾರದು. ಉಳಿದೊಂದನ್ನು ಹಾಕಿದೆ. ಸಿಪಿಯುವನ್ನು ಕಿಟಕಿಯಿಂದ ಆಚೆಯ ಮೂಲೆಗೆ ಒಯ್ದು ತಗಡು ಮುಚ್ಚಿದೆ.

ಡಿಸೆಂಬರ್ ೧೧, ಬುಧವಾರ

ಬೆಳಿಗ್ಗೆ ಸಂಹಿತಕ್ಕನ ಫೋನು. ಹತ್ತು ದಾಟಿದೆ, ನಿಂತಿಲ್ಲ.

ನನಗೆ ಸಂತೋಷವಾಗಬೇಕಿತ್ತು.

ಡಿಸೆಂಬರ್ ೧೨, ಗುರುವಾರ

ದಿನಕರಣ್ಣನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ. "ಆತು. ಮಷಿನ್ ಸರಿ ಆತಲಾ, ಸಾಕು. ಇನ್ಮೇಲೆ ರಬ್ಬರ್ ಬಳಸು."

ಗ್ರೂಪಿನಲ್ಲಿ ಬರೆಯುತ್ತೇನೆ ಎಂದೆ.

"ಹುಚ್ಚನಾ ನೀನು? ನಮ್ಮ ಅಂಗಡಿಯವ ರ‍್ಯಾಮಿಗೆ ವಿಭೂತಿ ಹಚ್ಚಿದ ಹೇಳಿ ನೀನೇ ಸಾರ್ತ್ಯಾ? ನಾಳೆಯಿಂದ ಜನ ಸಿಪಿಯು ಜೊತೆಗೆ ತೆಂಗಿನಕಾಯಿನೂ ತಗಂಡು ಬತ್ರು. ಶರಣನ ಹತ್ರ ಒಬ್ಬನೇ ಹೋಗಿ ಹೇಳು. ಅವನಿಗೆ ಸಮಾಧಾನ, ನಮಗೆ ಮರ್ಯಾದೆ."

ಅವನ ಹೆಸರು ಕೆಡಿಸಿದ್ದು ಅರವತ್ತೆರಡು ಜನರ ಮುಂದೆ ಎಂದೆ.

"ಬರೆದ್ರೆ ಅಂಗಡಿಗೆ ಬರೂದು ಬೇಡ."

ಈ ಮಾತು ನನಗೆ ಹೊಸದಲ್ಲ. ಮೊದಲೆಲ್ಲ ಕೇಳಿದಾಗ ಒಂದು ಥರ ಖುಷಿಯಾಗುತ್ತಿತ್ತು. ಇವತ್ತು ಆಗಲಿಲ್ಲ. ಎರಡು ವರ್ಷ ಇಲ್ಲಿ ನಿಂತಿದ್ದೆ.

ಡಿಸೆಂಬರ್ ೧೩, ಶುಕ್ರವಾರ

ಬರೆದೆ. ನಾಲ್ಕು ಸಲ ಬರೆದು ಅಳಿಸಿದೆ. ಮೊದಲ ಸಲ ಬರೆದದ್ದರಲ್ಲಿ ಇಡ್ಲಿಯ ಹಬೆ ಜಾಸ್ತಿ ಇತ್ತು, ನಾನು ಕಡಿಮೆ ಇದ್ದೆ. ಕೊನೆಗೆ ಕಳಿಸಿದ್ದು ಇಷ್ಟು:

"ಶ ಗುರುತಿನ ರ‍್ಯಾಮ್ ಸರಿ ಇತ್ತು. ಕೆಡಿಸಿದ್ದು ನಾನು. ರ‍್ಯಾಮ್ ಅಂಚಿಗೆ ವಿಭೂತಿ ಹಚ್ಚಿ ಉಜ್ಜಿದ್ದೆ, ಅದು ಸ್ಲಾಟಿನಲ್ಲಿ ಉಳಿದು ಹಬೆಗೆ ಒದ್ದೆಯಾಗಿ ಮಷಿನ್ ನಿಲ್ಲುತ್ತಿತ್ತು. ಪೂರ್ತಿ ನೋಡದೆ ಶರಣನ ಹೆಸರು ಕೆಡಿಸಿದೆ. ವಾಪಸು ಕೊಟ್ಟವರು ಮತ್ತೆ ತೆಗೆದುಕೊಳ್ಳಿ. ಮಧುಕೇಶ್ವರ."

ಸಂಜೆಯ ಹೊತ್ತಿಗೆ ನನ್ನ ಹೆಸರು ವಿಭೂತಿ ಇಂಜಿನಿಯರ್. ಒಬ್ಬ ಮಷಿನ್ನಿಗೆ ಮೂರು ಪಟ್ಟೆ ಬಳಿದ ಚಿತ್ರ ಹಾಕಿದ. ರುದ್ರಾಭಿಷೇಕಕ್ಕೆ ರೇಟೆಷ್ಟು ಎಂದು ಇನ್ನೊಬ್ಬ. ಅರವತ್ತೆರಡು ಜನರಲ್ಲಿ ಶರಣನಿಗೆ ಒಂದು ಮಾತು ಬರೆದವರು ಇಬ್ಬರು.

ಶರಣ ನೋಡಿದ್ದಾನೆ, ನೀಲಿ ಗೆರೆ ಬಂದಿದೆ. ಏನೂ ಬರೆದಿಲ್ಲ.

ದಿನಕರಣ್ಣನೂ ನೋಡಿದ್ದಾನೆ. ನಾಳೆ ಅಂಗಡಿಗೆ ಹೋಗುವುದಿಲ್ಲ.

ಡಿಸೆಂಬರ್ ೧೫, ಭಾನುವಾರ

ರೂಮಿನಲ್ಲಿ ಕೂತು ಈ ಡೈರಿಯನ್ನು ಮೊದಲಿನಿಂದ ಓದಿದೆ. ನವೆಂಬರ್ ೨೭ರಂದು ಒಂದು ವಿಷಯ ಬಿಟ್ಟಿದ್ದೇನೆ. ಸುಳ್ಳು ಬರೆದಿಲ್ಲ. ಬಿಟ್ಟಿದ್ದೇನೆ.

ಗಣಿತ ಪರೀಕ್ಷೆಯ ದಿನ ಶರಣ ಕೇಳಿದ್ದು ಒಂದು ಲೆಕ್ಕ. ನಾನು ಉತ್ತರ ಪತ್ರಿಕೆಯನ್ನು ಅವನ ಕಡೆ ತಿರುಗಿಸಿ ಹಿಡಿದೆ. ಒಂದಲ್ಲ, ನಾಲ್ಕು ಲೆಕ್ಕ ನೋಡಿಕೊಳ್ಳುವಷ್ಟು ಹೊತ್ತು. ಕನಿಕರದಿಂದಲ್ಲ. ನನಗೆ ಎಷ್ಟು ಬರುತ್ತದೆಂದು ಯಾರಾದರೂ ನೋಡಲಿ ಎಂದು.

ಹೆಡ್‌ಮಾಸ್ಟರ್ ಕೇಳಿದ್ದು ಶರಣ ನಕಲು ಮಾಡಿದನೋ ಎಂದು. ಹೌದು ಎಂದೆ. ಯಾರದನ್ನು ನೋಡಿ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ನಾಲ್ಕು ವರ್ಷ ಅಂದುಕೊಂಡಿದ್ದೇನೆ. ಹೇಳುತ್ತಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಅವನ ಅಪ್ಪ ಹೊಡೆಯುವಾಗ ನಾನು ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದೆ. ಬಹಳ ಹೊತ್ತು ತೊಳೆದೆ.

ಡಿಸೆಂಬರ್ ೧೭, ಮಂಗಳವಾರ

ಸಂಹಿತಕ್ಕ ನಿನ್ನೆ ಫೋನು ಮಾಡಿದ್ದಳು. ಹಾಳಾದ ಹೊಸ ರ‍್ಯಾಮಿನ ಬದಲು ಇನ್ನೊಂದು ಬೇಕು. "ಅಂಗಡಿ ಬಿಟ್ಯಂತಲ್ಲ. ನನಗೆ ಅದೆಲ್ಲ ಬೇಡ, ನೀನೇ ಬಂದು ಹಾಕು. ಆ ಶ ಬರೆದದ್ದೇ ತಗಂಡು ಬಾ. ಬೂದಿ ಬಿದ್ದ ಮೇಲೂ ಅವು ನನ್ನ ಕೈಲಿ ನಾಲ್ಕೈದು ದಿನ ಓಡಿದ್ವು."

ಶರಣನ ಗೂಡಂಗಡಿಗೆ ಹೋದೆ. ಹಲಗೆಯ ಮೇಲಿನ ಸಾಲು ಇನ್ನೂ ಹಾಗೇ ಇದೆ. ಎರಡೋ ಮೂರೋ ಕಡಿಮೆಯಾಗಿರಬಹುದು, ಅಷ್ಟೇ.

"ಯುವಕ ಸಂಘದವರು?" ಎಂದೆ.

"ಅವರು ಹುಬ್ಬಳ್ಳಿಯಿಂದ ತಂದರು. ಮೊನ್ನೆ ನೀ ತಪ್ಪು ಒಪ್ಪಿ ಬರದದ್ದು ಓದಿ ಫೋನ್ ಮಾಡಿದ್ರು. ಪಾಪ ಅಂದ್ರು. ಎಂಟೂ ಮಷಿನ್ ಬಂದಿದ್ದವು ಆವಾಗಲ."

ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕುಮಟಾ, ಕುಮಟಾ ಎಂದು ಕೂಗುತ್ತಿದ್ದರು. ಅದು ನಿಲ್ಲುವವರೆಗೆ ಕಾದೆ.

"ಶರಣ, ಆವತ್ತ ಪರೀಕ್ಷ್ಯಾಗ ಪೇಪರ್ ನಾನ ತಿರುಗಿಸಿ ಹಿಡದಿದ್ದೆ."

ಹುಚ್ಚನನ್ನು ನೋಡುವಂತೆ ನೋಡಿದ. "ಅದನ್ನ ನನಗ ಹೇಳಾಕ ಬಂದೀಯೇನಲೇ? ನೋಡಿ ಬರದಾಂವ ನಾನ ಅಲ್ಲೇನು?"

"ಮತ್ತ ನೀ ಯಾಕ ಹೇಳಲಿಲ್ಲ, ಹೆಡ್‌ಮಾಸ್ಟರ್ ಮುಂದ?"

"ಹೇಳಿದ್ರ ನಿಂದೂ ಹೋಗತಿತ್ತು. ಒಬ್ಬನರ ಓದಲಿ ಅಂತ ಸುಮ್ಮನಾದೆ." ಕೈಯಲ್ಲಿದ್ದ ಸ್ಕ್ರೂಡ್ರೈವರಿನಿಂದ ಹಲಗೆಯ ಧೂಳು ಕೆದಕಿದ. "ನೀನೂ ಬಿಟ್ಟಿ. ಎರಡೂ ದಂಡ ಆತು."

ಒಂದು ಎಂಟು ಜಿಬಿ ಬೇಕು ಎಂದೆ. ಸಾಲಿನಿಂದ ಒಂದನ್ನು ಎತ್ತಿ ತನ್ನ ಮಷಿನ್ನಿಗೆ ಹಾಕಿ ಪರೀಕ್ಷೆ ಶುರು ಮಾಡಿದ. "ಸಂಜಿಗೆ ಬಾ." ಹೋಗುವುದಕ್ಕೆ ಅಂಗಡಿ ಇಲ್ಲ. ಅಲ್ಲೇ ಡಬ್ಬದ ಮೇಲೆ ಕೂತೆ. ಅವನು ಬೇಡ ಎನ್ನಲಿಲ್ಲ, ಕೂಡು ಎಂದೂ ಅನ್ನಲಿಲ್ಲ. ಮಧ್ಯಾಹ್ನ ತನಗೊಂದು ಚಹಾ ತರಿಸಿಕೊಂಡ. ಮೂರೂವರೆಗೆ ತರಿಸಿದಾಗ ಎರಡು ಲೋಟ ಬಂತು.

ಐದೂವರೆಗೆ ಪರೀಕ್ಷೆ ಮುಗಿಯಿತು. ತಪ್ಪು ಸೊನ್ನೆ. ರ‍್ಯಾಮ್ ತೆಗೆದು ನನ್ನ ಕೈಗಿಟ್ಟ. ಲೇಬಲ್ ಖಾಲಿ. ದಿನಕರಣ್ಣನಂತೆ ಯಾರೋ ಗುರುತು ಒರೆಸಿ, ಆಮೇಲೆ ವಾಪಸು ಕಳಿಸಿದ್ದಿರಬೇಕು.

"ಗುರುತು?"

"ಈಗ ಹಾಕಂಗಿಲ್ಲ. ಗುರುತು ನೋಡಿದ್ರ ಮಂದಿ ಕೆಳಗಿಡತಾರ."

"ಇದಕ್ಕ ಹಾಕು. ಯಲ್ಲಾಪುರದ ಅಕ್ಕಾರು ಕೇಳ್ಯಾರ."

ಹಲಗೆಯ ಕೆಳಗಿನಿಂದ ಬಿಳಿ ಮಾರ್ಕರ್ ತೆಗೆದ. ಬರೆಯಲಿಲ್ಲ ಅದು. ಎರಡು ವಾರ ಮುಟ್ಟದೆ ಒಣಗಿತ್ತು. ಝಾಡಿಸಿದ, ತುದಿಗೆ ಉಸಿರು ಬಿಟ್ಟ, ಹಲಗೆಯ ಮೇಲೆ ಗೀಚಿದ. ಬರಲಿಲ್ಲ. ಮಾರ್ಕರನ್ನು ರಸ್ತೆಗೆ ಎಸೆದು, ನನ್ನ ಕೈಯಿಂದ ರ‍್ಯಾಮ್ ಕಸಿದುಕೊಂಡು, ಲೇಬಲ್ಲನ್ನು ಉಗುರಿನಿಂದ ಒತ್ತಿ ಹಿಡಿದು, ಸಣ್ಣ ಸ್ಕ್ರೂಡ್ರೈವರಿನ ತುದಿಯಿಂದ ನಿಧಾನವಾಗಿ ಶ ಎಂದು ಗೀರಿದ.

ಥಿನ್ನರ್ ಹಚ್ಚಿದರೂ ಅದು ಹೋಗುವುದಿಲ್ಲ.

"ಏನ ಹಚ್ಚಿ ತಿಕ್ಕತಿ ಈ ಸಲ?" ಎಂದ.

"ಏನೂ ಇಲ್ಲ."

ನಾಳೆ ಮೊದಲ ಬಸ್ಸಿಗೆ ಯಲ್ಲಾಪುರ. ಹತ್ತು ಗಂಟೆ ದಾಟುವವರೆಗೆ ಅಲ್ಲೇ ಕೂರುತ್ತೇನೆ.